ಮನೆಯಲ್ಲಿ ಆಮ್ಲಜನಕದ ಸಿಲಿಂಡರ್: ಸುರಕ್ಷಿತ ಬಳಕೆ ಹೇಗೆ?



ವರ್ಷಗಟ್ಟಲೆ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ತಾಯಂದಿರಿಗೆ, ಬೀಡಿ ಸೇದುವ ಹಿರಿಯರಿಗೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಬರುವ ಸಂಭವ ಹೆಚ್ಚು. ಇಂಥವರಲ್ಲಿ ಕೆಲವರಿಗೆ ಮನೆಯಲ್ಲಿಯೂ ಆಮ್ಲಜನಕ ಕೊಡಬೇಕೆಂದು ವೈದ್ಯರು ಬರೆದುಕೊಡುತ್ತಾರೆ. 2021ರ ಕೋವಿಡ್ ಎರಡನೇ ಅಲೆಯ ಸಮಯದಲ್ಲಿ ಹಳ್ಳಿಯ ಮನೆಗಳಿಗೂ ಸಿಲಿಂಡರ್ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಜೀವ ಉಳಿಸುವ ಈ ಸಾಧನವು ಎಚ್ಚರ ತಪ್ಪಿದರೆ ಜೀವಕ್ಕೇ ಅಪಾಯ ತರಬಲ್ಲದು. ಆದ್ದರಿಂದ ಮನೆಮಂದಿಯೆಲ್ಲ ಈ ಕೆಳಗಿನ ವಿಷಯಗಳನ್ನು ತಿಳಿದಿರುವುದು ಅವಶ್ಯಕ.

ಅಪಾಯ ಎಲ್ಲಿದೆ?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇರುವುದು ಸುಮಾರು ಶೇ. 21 ಮಾತ್ರ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಆದರೆ ಅದು ಹೆಚ್ಚಾದ ಕಡೆ ಬಟ್ಟೆ, ಕೂದಲು, ಹಾಸಿಗೆ ಎಲ್ಲವೂ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. 1967ರ ಜನವರಿಯಲ್ಲಿ ಅಮೆರಿಕದಲ್ಲಿ ಶುದ್ಧ ಆಮ್ಲಜನಕ ತುಂಬಿದ್ದ ಅಪೊಲೊ ನೌಕೆಯೊಳಗೆ ನೆಲದ ಮೇಲಿನ ಪರೀಕ್ಷೆಯ ವೇಳೆಯಲ್ಲೇ ಬೆಂಕಿ ಹತ್ತಿ ಮೂವರು ಗಗನಯಾತ್ರಿಗಳು ಮೃತಪಟ್ಟರು. ರೋಗಿಯ ಮೂಗಿನ ನಳಿಕೆಯ ಸುತ್ತ, ಹೊದಿಕೆಯ ಮಡಿಕೆಗಳಲ್ಲಿ ಕೂಡ ಆಮ್ಲಜನಕ ಸೇರಿಕೊಂಡಿರುತ್ತದೆ ಎಂಬುದನ್ನು ಮರೆಯಬಾರದು.

ಬೆಂಕಿಯಿಂದ ದೂರ

1. ಸಿಲಿಂಡರ್ ಹಾಗೂ ರೋಗಿ ಇಬ್ಬರೂ ಒಲೆ, ಗ್ಯಾಸ್ ಸ್ಟೌ, ದೀಪ, ಊದಿನಕಡ್ಡಿ, ಸೊಳ್ಳೆಬತ್ತಿ ಇವುಗಳಿಂದ ಕನಿಷ್ಠ 10 ಅಡಿ ದೂರದಲ್ಲಿರಬೇಕು. ದೇವರ ಕೋಣೆ, ಅಡುಗೆಮನೆ ಹಾಗೂ ಬಚ್ಚಲ ಒಲೆಯ ಪಕ್ಕದ ಜಾಗ ಇದಕ್ಕೆ ಸಲ್ಲದು.

2. ಆ ಕೋಣೆಯಲ್ಲಿ ಯಾರೂ ಬೀಡಿ, ಸಿಗರೇಟು ಸೇದಬಾರದು. ನೋಡಲು ಬಂದ ನೆಂಟರಿಗೂ ಸಂಕೋಚವಿಲ್ಲದೆ ಹೇಳಬೇಕು.

3. ಆಮ್ಲಜನಕ ನಿಲ್ಲಿಸಿದ ಕೂಡಲೇ ರೋಗಿ ಒಲೆಯ ಬಳಿ ಹೋಗಬಾರದು. ಬಟ್ಟೆಯಲ್ಲಿ ಸೇರಿದ ಆಮ್ಲಜನಕ ಹೋಗಲು ಕನಿಷ್ಠ 20 ನಿಮಿಷ ಗಾಳಿಗೆ ಕುಳಿತಿರಬೇಕು.

4. ನಳಿಕೆಯನ್ನು ಮೂಗಿನಿಂದ ತೆಗೆದು ಹಾಸಿಗೆಯ ಮೇಲೆ ಇಟ್ಟು, ಸಿಲಿಂಡರನ್ನು ಹಾಗೆಯೇ ತೆರೆದಿಡಬಾರದು. ಬಳಸದಿದ್ದಾಗ ವಾಲ್ವ್ ಮುಚ್ಚಿರಬೇಕು. ಕಿಟಕಿ ತೆರೆದಿರಬೇಕು.

ಹಾಲು ಕರೆದ ಕೈ ತೊಳೆಯದೆ ಮುಟ್ಟಬೇಡಿ

ನಮ್ಮ ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇದು. ಒತ್ತಡದಿಂದ ಹೊರಬರುವ ಆಮ್ಲಜನಕಕ್ಕೆ ಎಣ್ಣೆ ಅಥವಾ ಜಿಡ್ಡು ತಾಗಿದರೆ ಕಿಡಿಯಿಲ್ಲದೆಯೂ ಬೆಂಕಿ ಹೊತ್ತಬಹುದು. ಮೊಲೆತೊಟ್ಟಿಗೆ ಬೆಣ್ಣೆ ಅಥವಾ ಹರಳೆಣ್ಣೆ ಸವರಿ ಹಾಲು ಕರೆದ ಕೈಯಲ್ಲಿ, ಪಂಪ್‌ಸೆಟ್ಟಿಗೆ ಗ್ರೀಸ್ ಹಚ್ಚಿದ ಕೈಯಲ್ಲಿ ವಾಲ್ವ್ ಅಥವಾ ರೆಗ್ಯುಲೇಟರ್ ಮುಟ್ಟಬಾರದು. ಸೋಪಿನಿಂದ ತೊಳೆದು, ಒರೆಸಿ, ಒಣಗಿದ ಕೈಯಲ್ಲೇ ಮುಟ್ಟಬೇಕು. ವಾಲ್ವ್ ಬಿಗಿಯಾಗಿದೆಯೆಂದು ಎಣ್ಣೆ ಬಿಡುವುದು ಬಹಳ ಅಪಾಯಕರ. ರೋಗಿಯ ಮೂಗು, ತುಟಿ ಒಣಗಿದಾಗ ಕೊಬ್ಬರಿ ಎಣ್ಣೆ, ತುಪ್ಪ, ವ್ಯಾಸಲಿನ್ ಹಚ್ಚದೆ, ನೀರಿನ ಅಂಶದ ಜೆಲ್ಲಿಯನ್ನು ವೈದ್ಯರನ್ನು ಕೇಳಿ ಬಳಸಬೇಕು.

ಇಡುವುದು ಮತ್ತು ಸಾಗಿಸುವುದು

ತುಂಬಿದ ಸಿಲಿಂಡರಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 150 ಕಿಲೋ ಒತ್ತಡವಿರುತ್ತದೆ. ಅದು ಉರುಳಿಬಿದ್ದು ವಾಲ್ವ್ ಮುರಿದರೆ ಸಿಲಿಂಡರ್ ಬಾಣದಂತೆ ಚಿಮ್ಮಿ ಗೋಡೆಯನ್ನೂ ಒಡೆಯಬಹುದು. ಆದ್ದರಿಂದ ಅದನ್ನು ನೆಟ್ಟಗೆ ನಿಲ್ಲಿಸಿ, ಸರಪಳಿಯಿಂದ ಗೋಡೆಗೆ ಬಿಗಿಯಬೇಕು ಅಥವಾ ಸ್ಟ್ಯಾಂಡಿನಲ್ಲಿಡಬೇಕು. ಬಿಸಿಲು ಬೀಳುವ ಜಾಗ, ಮಕ್ಕಳು ಆಡುವ ಜಾಗ ಬೇಡ. ನೆಲದ ಮೇಲೆ ಎಳೆಯುವುದು, ಉರುಳಿಸುವುದು ಕೂಡದು. ದ್ವಿಚಕ್ರ ವಾಹನದಲ್ಲಿ ಅಥವಾ ಹಾಲಿನ ವಾಹನದಲ್ಲಿ ಕ್ಯಾನುಗಳ ನಡುವೆ ಕಟ್ಟದೆ ಸಾಗಿಸಬಾರದು. ಕಾರಿನಲ್ಲಿ ಒಯ್ಯುವಾಗ ಅಲುಗಾಡದಂತೆ ಕಟ್ಟಿ, ಕಿಟಕಿ ತೆರೆದಿರಬೇಕು. ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬಾರದು.

ಎಷ್ಟು ಹೊತ್ತು ಬರುತ್ತದೆ?

ಮನೆಬಳಕೆಯ ‘ಬಿ’ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ದೊಡ್ಡ ‘ಡಿ’ ಮಾದರಿಯಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ತುಂಬಿದ ‘ಬಿ’ ಸಿಲಿಂಡರ್ ಬರುವ ಅವಧಿ ಹೀಗಿದೆ:

ನಿಮಿಷಕ್ಕೆ 1 ಲೀಟರ್ – ಸುಮಾರು 25 ಗಂಟೆ
ನಿಮಿಷಕ್ಕೆ 2 ಲೀಟರ್ – ಸುಮಾರು 12½ ಗಂಟೆ
ನಿಮಿಷಕ್ಕೆ 4 ಲೀಟರ್ – ಸುಮಾರು 6¼ ಗಂಟೆ

ಅಂದರೆ ರಾತ್ರಿ 8 ಗಂಟೆಗೆ 2 ಲೀಟರಿನಂತೆ ಆರಂಭಿಸಿದರೆ, ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬರುವ ವೇಳೆಗೆ ಸಿಲಿಂಡರ್ ಮುಗಿಯುವ ಹಂತಕ್ಕೆ ಬಂದಿರುತ್ತದೆ. ಮುಳ್ಳು 150ರಿಂದ 75ಕ್ಕೆ ಇಳಿದರೆ ಅರ್ಧ ಮುಗಿದಿದೆ ಎಂದರ್ಥ. ತುಂಬಿಸುವ ಊರು ದೂರವಿರುವವರು ಆಗಲೇ ಮುಂದಿನ ಸಿಲಿಂಡರಿಗೆ ಏರ್ಪಾಡು ಮಾಡಬೇಕು.

ಪ್ರಮಾಣ ವೈದ್ಯರದು

ಹಿಂಡಿ ಅಳತೆ ಮೀರಿದರೆ ಹಸುವಿಗೆ ಹಾಲು ಹೆಚ್ಚುವ ಬದಲು ಅಜೀರ್ಣವಾಗುವುದು ನಮಗೆ ಗೊತ್ತೇ ಇದೆ. ಆಮ್ಲಜನಕವೂ ಹಾಗೆಯೇ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯವರಲ್ಲಿ ಕೆಲವರಿಗೆ ಹೆಚ್ಚು ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ತಲೆನೋವು, ಮಂಪರು, ಗೊಂದಲ ಉಂಟಾಗುತ್ತದೆ. ಇಂಥ ರೋಗಿಗಳಿಗೆ ವೈದ್ಯರು ಸಾಮಾನ್ಯವಾಗಿ ಬೆರಳಿನ ಆಕ್ಸಿಮೀಟರಿನಲ್ಲಿ 88ರಿಂದ 92ರ ಮಟ್ಟವನ್ನೇ ಗುರಿಯಾಗಿಡುತ್ತಾರೆ. ಉಬ್ಬಸ ಹೆಚ್ಚಾಯಿತೆಂದು ತಾವೇ ಪ್ರಮಾಣ ಏರಿಸದೆ ವೈದ್ಯರಿಗೆ ತಿಳಿಸಬೇಕು. ತೇವಾಂಶದ ಬಾಟಲಿ ಇದ್ದರೆ ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಪ್ರತಿದಿನ ಬದಲಿಸಬೇಕು.

ತುಂಬಿಸುವಾಗ

ಪರವಾನಗಿ ಇರುವ ಕಡೆ ಮಾತ್ರ ವೈದ್ಯಕೀಯ ಆಮ್ಲಜನಕ ತುಂಬಿಸಬೇಕು. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ರೋಗಿಗೆ ಬಳಸಬಾರದು. ಸಿಲಿಂಡರಿನ ಹೆಗಲ ಮೇಲೆ ಕೊರೆದಿರುವ ಪರೀಕ್ಷೆಯ ದಿನಾಂಕ ನೋಡಿ, ಅವಧಿ ಮುಗಿದಿದ್ದರೆ ತೆಗೆದುಕೊಳ್ಳಬೇಡಿ. ವಾಲ್ವನ್ನು ಯಾವಾಗಲೂ ನಿಧಾನವಾಗಿ ತೆರೆಯಬೇಕು. ‘ಸುಸ್’ ಎಂದು ಸೋರುವ ಸದ್ದು ಬಂದರೆ ವಾಲ್ವ್ ಮುಚ್ಚಿ ಸರಬರಾಜುದಾರರನ್ನು ಕರೆಸಬೇಕು. ಸ್ವಂತ ರಿಪೇರಿ ಸಲ್ಲದು.

ವಿದ್ಯುತ್ತಿನಿಂದ ನಡೆಯುವ ಕಾನ್ಸಂಟ್ರೇಟರ್ ಯಂತ್ರ ಇರುವ ಮನೆಯಲ್ಲಿಯೂ ಕರೆಂಟು ಹೋದಾಗ ಬೇಕಾಗುವ ಒಂದು ತುಂಬಿದ ಸಿಲಿಂಡರ್ ಸಿದ್ಧವಿರಲಿ.

ತುಟಿ, ಉಗುರು ನೀಲಿಯಾದರೆ, ರೋಗಿ ಕರೆದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಬೆಂಕಿ ಹತ್ತಿದರೆ ಮೊದಲು ರೋಗಿಯನ್ನು ಹೊರಗೆ ತನ್ನಿ. ಕೈಗೆ ಸಿಗುವಂತಿದ್ದರೆ ಮಾತ್ರ ವಾಲ್ವ್ ಮುಚ್ಚಿ, 112ಕ್ಕೆ ತಿಳಿಸಿ. ಈ ಎರಡು ಸಂಖ್ಯೆ, ವೈದ್ಯರ ಮತ್ತು ಸರಬರಾಜುದಾರರ ಸಂಖ್ಯೆಗಳನ್ನು ಸಿಲಿಂಡರ್ ಬಳಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿ. ತಮ್ಮ ಊರಿನಲ್ಲಿ ಆಮ್ಲಜನಕ ಬಳಸುವ ಮನೆಯಿದ್ದರೆ ಸದಸ್ಯರು ಈ ಲೇಖನವನ್ನು ಅವರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.