ಜಮೀನ್ದಾರನ ಕಡತದಲ್ಲಿ ಉಳಿದ ಬರಗಾಲ

ಐರ್ಲೆಂಡಿನ ರಾಸ್‌ಕಾಮನ್ ಕೌಂಟಿ ಹುಲ್ಲುಗಾವಲು, ಕೆರೆ, ಜೌಗುನೆಲದ ಸೀಮೆ. 1161ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ನೆಲೆನಿಂತ ಬಾಯ್ಲ್ ಮಠ, 13ನೇ ಶತಮಾನದ ಕೋಟೆ ಎರಡೂ ಇಲ್ಲಿವೆ. ಆದರೆ ಇಲ್ಲಿಗೆ ಹೋದವರು ಬಿಡುವು ಮಾಡಿಕೊಂಡು ನೋಡಬೇಕಾದದ್ದು ಸ್ಟ್ರೋಕ್ಸ್‌ಟೌನಿನ ದೊಡ್ಡಮನೆಯನ್ನು.

ಊರಿನ ಅಗಲವಾದ ಬೀದಿ ನೇರ ಮಹೋನ್ ಜಮೀನ್ದಾರರ ಕಮಾನು ಬಾಗಿಲಿಗೆ ಹೋಗಿ ಮುಟ್ಟುತ್ತದೆ. ಅಡುಗೆಮನೆಯ ಮೇಲ್ಭಾಗದಲ್ಲಿ ಸುತ್ತ ಮೊಗಸಾಲೆಯಿದೆ. ಮನೆಯೊಡತಿ ಕೆಳಗಿಳಿಯದೆ ಅಲ್ಲಿಂದಲೇ ಕೆಲಸದವರ ಮೇಲೆ ಕಣ್ಣಿಡಬಹುದಿತ್ತು. ಆಳುಗಳು ಒಡೆಯರ ಕಣ್ಣಿಗೆ ಬೀಳದಂತೆ ಓಡಾಡಲು ಸುರಂಗವೇ ಇದೆ. ಆ ಮನೆಯ ಬದುಕನ್ನು ಅಡುಗೆಮನೆಯಷ್ಟು ಚೆನ್ನಾಗಿ ಹೇಳುವ ಕೋಣೆ ಇನ್ನೊಂದಿಲ್ಲ.

1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ತಗುಲಿತು. ಬಡವರ ಊಟವೆಂದರೆ ಆಲೂಗಡ್ಡೆಯೇ ಆಗಿತ್ತು. ಅದೇ ವರ್ಷ ಸಾಲದಲ್ಲಿ ಮುಳುಗಿದ್ದ ಆಸ್ತಿ ಡೆನಿಸ್ ಮಹೋನನ ಕೈಗೆ ಬಂತು. ಗೇಣಿದಾರರನ್ನು ಇಲ್ಲಿಟ್ಟು ಸಾಕುವುದಕ್ಕಿಂತ ಹಡಗಿನ ಟಿಕೆಟ್ ಕೊಟ್ಟು ಕೆನಡಾಕ್ಕೆ ಕಳಿಸುವುದೇ ಅಗ್ಗ ಎಂಬ ಲೆಕ್ಕ ಹಾಕಲಾಯಿತು. 1847ರ ಮೇ ತಿಂಗಳಲ್ಲಿ 1,490 ಜನ ರಾಯಲ್ ಕಾಲುವೆಯ ದಂಡೆ ಹಿಡಿದು ಡಬ್ಲಿನ್‌ವರೆಗೆ ನಡೆದರು. ಅಲ್ಲಿಂದ ಲಿವರ್‌ಪೂಲಿಗೆ ದಾಟಿ ಕೆನಡಾದ ಹಡಗು ಹತ್ತಿದರು. ಲಿವರ್‌ಪೂಲಿನಿಂದ ಹೊರಟ ‘ವರ್ಜೀನಿಯಸ್’ ಹಡಗಿನಲ್ಲಿದ್ದ 476 ಜನರಲ್ಲಿ 158 ಮಂದಿ ನಡುಗಡಲಲ್ಲೇ ತೀರಿಕೊಂಡರು. ಅದೇ ನವೆಂಬರಿನಲ್ಲಿ ಮಹೋನ್ ಗುಂಡೇಟಿಗೆ ಬಲಿಯಾದ.

ಇಷ್ಟೆಲ್ಲ ಗೊತ್ತಾಗಿದ್ದು ಹಳೆಯ ಕಾಗದಗಳಿಂದ. 1979ರಲ್ಲಿ ಸ್ಥಳೀಯ ಗ್ಯಾರೇಜ್ ಮಾಲೀಕ ಜಿಮ್ ಕ್ಯಾಲರಿ ತಮ್ಮ ವ್ಯಾಪಾರಕ್ಕೆ ಜಾಗ ಬೇಕೆಂದು ಈ ಎಸ್ಟೇಟು ಕೊಂಡರು. ಮನೆಯಲ್ಲಿ ಸಿಕ್ಕ ಕಡತಗಳ ನಡುವೆ 1846ರ ಒಂದು ಅರ್ಜಿಯಿತ್ತು. ಕ್ಲೂನಹೀ ಗ್ರಾಮದ ಗೇಣಿದಾರರು ಮನೆಯವರ ಹಸಿವಿನ ಕೂಗು ತಾಳಲಾಗುತ್ತಿಲ್ಲ, ಕೆಲಸ ಕೊಡಿ ಎಂದು ಅಂಗಲಾಚಿದ್ದರು. ಅದನ್ನು ಓದಿದ ಮೇಲೆ ಕ್ಯಾಲರಿ ಮನೆಯನ್ನೂ ಕಾಗದಗಳನ್ನೂ ಕಾಪಾಡಿದರು. 1994ರಲ್ಲಿ ಇಲ್ಲೇ ರಾಷ್ಟ್ರೀಯ ಬರಗಾಲ ವಸ್ತುಸಂಗ್ರಹಾಲಯ ತೆರೆಯಿತು. ಒಡೆಯನ ಕಚೇರಿ ಕೂಡಿಟ್ಟ ಲೆಕ್ಕಪತ್ರಗಳು, ಆ ಒಡೆಯನಿಂದ ಊರು ಬಿಟ್ಟವರ ಸ್ಮಾರಕವಾದವು. ಕಲ್ಲಿನ ಸ್ತಂಭ ಇದಕ್ಕೆ ಸಾಟಿಯಾಗದು.

1847ರಲ್ಲಿ ಆ ಗೇಣಿದಾರರು ನಡೆದ 165 ಕಿಲೋಮೀಟರ್ ದಾರಿ ಈಗ ಕಾಲ್ನಡಿಗೆಯವರಿಗೂ ಸೈಕಲ್ ಸವಾರರಿಗೂ ತೆರೆದಿದೆ. ದಾರಿಯುದ್ದಕ್ಕೂ ಮಕ್ಕಳ ಪುಟ್ಟ ಬೂಟುಗಳ ಕಂಚಿನ ಶಿಲ್ಪಗಳಿವೆ. ಪಾಳುಬಿದ್ದ ಗುಡಿಸಲೊಂದರ ಹುಲ್ಲುಮಾಡಿನಲ್ಲಿ ಜೋಡಿಸಿ ಕಟ್ಟಿಟ್ಟಿದ್ದ, 19ನೇ ಶತಮಾನದ ನಿಜವಾದ ಬೂಟುಗಳೇ ಅವಕ್ಕೆ ಮಾದರಿ.