ಸೊಂಡೂರ ಗುಡ್ಡ ಕಣ್ಣು ಬಿಟ್ಟಾಗ

ಅಕ್ಟೋಬರ್ ಮೊದಲ ವಾರ, ಬೆಳಗಿನ ಏಳು ಗಂಟೆ. ಹೊಸಪೇಟೆಯ ರಸ್ತೆ ಬದಿಯಲ್ಲಿ ಆಗಲೇ ಸೀತಾಫಲದ ಬುಟ್ಟಿಗಳು ಸಾಲುಗಟ್ಟಿದ್ದವು. "ಸೊಂಡೂರ ಗುಡ್ಡದ್ದು ರೀ, ಸಕ್ರಿ ಇದ್ದಂಗ ಐತಿ" ಎಂದು ಅಜ್ಜಿಯೊಬ್ಬಳು ಕರೆದಳು. ನಾವು ನಕ್ಕು ಮುಂದೆ ಹೋದೆವು. ಆ ಗುಡ್ಡದ ಬುಡದಲ್ಲಿರುವ ಸೋದರತ್ತೆಯ ಹೊಲಕ್ಕೇ ನಮ್ಮ ಪಯಣ. ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಸೀತಾಫಲ ಬಿಡಿಸುವುದು ನಮ್ಮಲ್ಲಿ ವರ್ಷಾ ನಡೆದುಬಂದ ವಾಡಿಕೆ.

ಹೊಸಪೇಟೆಯಿಂದ ಸೊಂಡೂರಿಗೆ ಸುಮಾರು ಮೂವತ್ತು ಕಿಲೋಮೀಟರ್. ಅದಿರಿನ ಲಾರಿಗಳ ಹಿಂದೆ ಕೆಂಧೂಳು ಏಳುವ ದಾರಿ. ಮಳೆ ಬಿದ್ದ ಮೇಲೆ ಮಾತ್ರ ಅದೇ ಕೆಂಪು ನೆಲದ ಮೇಲೆ ಹಸಿರು ಉಕ್ಕುತ್ತದೆ. ಸೊಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂಬ ಮಾತನ್ನು ಇಲ್ಲಿ ಚಹಾದಂಗಡಿಯಲ್ಲೂ ಕೇಳಬಹುದು. ನಾರಿಹಳ್ಳ ಗುಡ್ಡಗಳನ್ನು ಸೀಳಿಕೊಂಡು ಹರಿಯುವ ಗಂಡಿಯನ್ನೂ ಕುಮಾರಸ್ವಾಮಿ ಗುಡಿಯ ಸುತ್ತಲ ಕಾಡನ್ನೂ ಈ ದಿನಗಳಲ್ಲಿ ಕಂಡವರಿಗೆ ಆ ಮಾತು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಅತ್ತೆಯ ಹೊಲದ ಬದುವಿನ ಗಿಡಗಳಿಗೆ ಬೇಲಿಯಿಲ್ಲ. ಸೀತಾಫಲದ ಎಲೆ ಕಹಿ. ದನ ಮೂಸಿ ಬಿಡುತ್ತದೆ, ಆಡು ಸಹ ಬಾಯಿ ಹಾಕುವುದು ಅಪರೂಪ. ಕಲ್ಲುನೆಲವಾದರೂ ಸರಿ, ಬೇಸಿಗೆಯಲ್ಲಿ ಎಲೆ ಉದುರಿಸಿ ಜೀವ ಹಿಡಿದುಕೊಂಡು, ಮೊದಲ ಮಳೆಗೆ ಚಿಗುರಿಬಿಡುತ್ತದೆ.

ನನ್ನ ಮಗ ದಪ್ಪನೆಯ ಕಾಯೊಂದಕ್ಕೆ ಕೈ ಹಾಕಿದ.

"ಕಣ್ಣು ಬಿಟ್ಟೈತೇನು ನೋಡಪ್ಪ. ಬಿಟ್ಟಿಲ್ಲಂದ್ರ ಅದರ ತಂಟೆಗೆ ಹೋಗಬ್ಯಾಡ" ಎಂದರು ಅತ್ತೆ.

ಕಾಯಿಯ ಮೈಮೇಲಿನ ಉಬ್ಬುಗಳೇ ಕಣ್ಣು. ಎಳೆಯದರಲ್ಲಿ ಅವು ಒತ್ತೊತ್ತಾಗಿರುತ್ತವೆ. ಬಲಿತಂತೆ ಒಂದರಿಂದೊಂದು ಸರಿದು ನಡುವಿನ ಗೆರೆ ಕೆನೆಬಣ್ಣಕ್ಕೆ ತಿರುಗುತ್ತದೆ. ಅಷ್ಟಾದ ಮೇಲೆ ಕಿತ್ತರೆ ಮೂರ್ನಾಲ್ಕು ದಿನದಲ್ಲಿ ಹಣ್ಣು. ಅದಕ್ಕೆ ಮೊದಲೇ ಕಿತ್ತರೆ ಹುಲ್ಲಲ್ಲಿಟ್ಟರೂ ಮಾಗುವುದಿಲ್ಲ. ಕಪ್ಪಗೆ ಕಲ್ಲಾಗಿ ಕೂತುಬಿಡುತ್ತದೆ. ತಡಮಾಡಿದರೆ ಗಿಡದಲ್ಲೇ ಬಿರಿದು ಅಳಿಲಿನ ಪಾಲು. ಮಗ ಎರಡೂ ಕೈಯಲ್ಲಿ ಕಾಯಿ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಬಿಟ್ಟ. ಅರ್ಧ ದಿನಕ್ಕೆ ಎರಡು ಬುಟ್ಟಿ ತುಂಬಿತು.

ಮಧ್ಯಾಹ್ನ ಮಾವ ಕುಳ್ಳಿನ ಕೆಂಡದಲ್ಲಿ ನಾಲ್ಕು ಬಲಿತ ಕಾಯಿ ಹೂತರು. ಕುರಿ ಕಾಯುತ್ತಿದ್ದ ದಿನಗಳಲ್ಲಿ ಅವರ ಹೊಟ್ಟೆ ತುಂಬಿಸುತ್ತಿದ್ದ ತಿಂಡಿ ಅದು. ಸಿಪ್ಪೆ ಕರಿಯಾದ ಮೇಲೆ ಒಡೆದರೆ ಒಳಗೆ ಬಿಸಿ ಬಿಸಿ ಬಿಳಿ ತಿರುಳು, ಸಣ್ಣಗೆ ಹೊಗೆಯ ವಾಸನೆ.

ಒಂದು ಬುಟ್ಟಿ ಕಂಪ್ಲಿಯ ಅಕ್ಕನ ಮನೆಗೆ ಹೋಯಿತು. ತುಂಗಭದ್ರೆಯ ನೀರುಂಡು ನೆಲ್ಲು ಬೆಳೆಯುವ ಊರು, ಹುಲ್ಲಿಗೆ ಬರವಿಲ್ಲ. ಬುಟ್ಟಿಯಲ್ಲಿ ಒಂದು ಪದರ ಹುಲ್ಲು, ಒಂದು ಪದರ ಕಾಯಿ ಜೋಡಿಸಿ ಮೇಲೆ ಗೋಣಿಚೀಲ ಹೊದಿಸಿದೆವು. ನಾಲ್ಕನೇ ದಿನ ಅಡುಗೆಮನೆಯೆಲ್ಲ ಘಮ್ಮೆಂದಿತು.

ಹೋದ ವರ್ಷ ಪಾಯಸ ಮಾಡಲು ಹೋಗಿ ನಾನು ಕೆಟ್ಟಿದ್ದೆ. ಕುದಿಯುವ ಹಾಲಿಗೇ ತಿರುಳು ಸುರಿದಿದ್ದೆ; ಇಡೀ ಪಾತ್ರೆ ಕಹಿ. ಸಾಲದ್ದಕ್ಕೆ ಮಿಕ್ಸಿಗೆ ಹಾಕಿ ಬೀಜವನ್ನೂ ಅರೆದಿದ್ದೆ. ಬೀಜ ವಿಷದ್ದು, ಹಿಂದೆ ಹೇನಿಗೆ ಮದ್ದಾಗಿ ಅರೆದು ಹಚ್ಚುತ್ತಿದ್ದರು. ಕಣ್ಣಿಗೆ ತಾಗಿದರೆ ಅಪಾಯ. ಪಾತ್ರೆ ಹಾಗೇ ಚೆಲ್ಲಿದೆವು. ಈ ಸಲ ಒಲೆಯ ಮುಂದೆ ಅಕ್ಕ ನಿಂತಳು. ಎರಡು ಲೀಟರ್ ಎಮ್ಮೆ ಹಾಲನ್ನು ಒಂದು ಲೀಟರ್‌ಗೆ ಇಳಿಸಿ, ಸಕ್ಕರೆ, ಏಲಕ್ಕಿ ಹಾಕಿ ಪೂರ್ತಿ ಆರಲು ಬಿಟ್ಟಳು. ಮಕ್ಕಳು ಆರು ಹಣ್ಣಿನ ತಿರುಳನ್ನು ಜರಡಿಯಲ್ಲಿ ಬೆರಳಿಂದ ಉಜ್ಜಿ ಬೀಜ ಬೇರೆ ಮಾಡಿದರು. ಹಾಲು ತಣ್ಣಗಾದ ಮೇಲೇ ತಿರುಳು ಬೆರೆತದ್ದು. "ಕೀಳಾಕೂ ಕಾಯಬೇಕು, ಕಲಸಾಕೂ ಕಾಯಬೇಕು" ಎಂದಳು ಅಕ್ಕ, ಬಟ್ಟಲು ಕೊಡುತ್ತಾ.

ಮರುದಿನ ಹಂಪಿಗೆ ಹೋದಾಗ ಕೊನೆಯ ನಾಲ್ಕು ಹಣ್ಣು ಚೀಲದಲ್ಲಿದ್ದವು. ಸುಗ್ರೀವನ ಗುಹೆಯ ಬಳಿ ಬಂಡೆಯ ಮೇಲಿನ ಗೆರೆಗಳನ್ನು ಸೀತೆಯ ಸೆರಗಿನ ಗುರುತೆಂದು ತೋರಿಸುತ್ತಾರೆ. "ಹಣ್ಣೂ ಸೀತೆಯದೇನಪ್ಪಾ?" ಎಂದ ಮಗ. ಹೆಸರು ಸೀತೆಯದು, ತವರು ಮಾತ್ರ ಅಮೆರಿಕ ಖಂಡದ ಬಿಸಿನಾಡು. ಹಡಗು ಹತ್ತಿ ಬಂದ ಗಿಡಕ್ಕೆ ನಮ್ಮ ಜನ ಸೀತೆಯ ಹೆಸರಿಟ್ಟರು. ಅದರ ಬಳಗಕ್ಕೆ ರಾಮಫಲ, ಲಕ್ಷ್ಮಣಫಲ, ಹನುಮಫಲ ಎಂದು ಕರೆದು ಸಂಸಾರವನ್ನೇ ಕಟ್ಟಿಕೊಟ್ಟರು. ಕಿಷ್ಕಿಂಧೆಯ ನೆಲದಲ್ಲಿ ಅದೀಗ ಪರದೇಶಿ ಅನ್ನಿಸುವುದೇ ಇಲ್ಲ.

ಮಾಗಿದ ಸೀತಾಫಲ ಎರಡು ದಿನವೂ ತಡೆಯದು, ದೂರದೂರಿಗೆ ಕಳಿಸಲಾಗದು. ಅದಕ್ಕೇ ಹಂಪಿ ನೋಡಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದವರು ಸೊಂಡೂರಿಗೂ ಅರ್ಧ ದಿನ ಕೊಡಿ. ಬುಟ್ಟಿಯವರ ಹತ್ತಿರ ಕಣ್ಣು ಬಿಟ್ಟ ಕಾಯಿಯನ್ನೇ ಆರಿಸಿ. ತಿಂದ ಮೇಲೆ ನಾಲ್ಕು ಬೀಜವನ್ನು ಹಿತ್ತಲಲ್ಲೋ ಬದುವಿನಲ್ಲೋ ಊರಿ. ಮೂರ್ನಾಲ್ಕು ವರ್ಷಕ್ಕೆ ಫಲ ಬರುತ್ತದೆ.