ಮಚ್ಚು ಮಾತ್ರ ಮಚ್ಚಾಗಿಯೇ ಉಳಿಯಿತು

ಕೆ.ಆರ್.ಪೇಟೆ ಕಡೆಯ ಹಳ್ಳಿಯಲ್ಲಿ ಹೊಸ ಮನೆ ಎಲ್ಲಿ ಏಳುತ್ತಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಸದ್ದೇ ಹೇಳುತ್ತದೆ. ಟೈಲ್ಸ್ ಕೊಯ್ಯುವ ಕಟಿಂಗ್ ಮಷೀನು, ಗೋಡೆ ಕೊರೆಯುವ ಡ್ರಿಲ್ಲು, ಕಿಟಕಿಯ ಕಂಬಿ ಉಜ್ಜುವ ಗ್ರೈಂಡರು. ಬಡಗಿಯ ಚೀಲದಲ್ಲಿ ಬೈರಿಗೆ, ಕೀಸುಳಿಗಳಿದ್ದ ಜಾಗಕ್ಕೆ ವೈರು ಸುತ್ತಿದ ಯಂತ್ರಗಳು ಬಂದಿವೆ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲೂ ಇದೇ ಕಥೆ.

ವಿದ್ಯುತ್ ಡ್ರಿಲ್‌ಗೆ ಮೊದಲ ಪೇಟೆಂಟ್ ಸಿಕ್ಕಿದ್ದು 1889ರಲ್ಲಿ, ಮೆಲ್ಬರ್ನ್‌ನ ಆರ್ಥರ್ ಆರ್ನಟ್ ಮತ್ತು ವಿಲಿಯಂ ಬ್ರೇನ್ ಅವರಿಗೆ. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಅದನ್ನು ಎತ್ತಿ ಒಯ್ಯುವಂತೆ ಮಾಡಿತು. ಪಿಸ್ತೂಲಿನ ಹಿಡಿ, ಬೆರಳಲ್ಲಿ ಒತ್ತುವ ಟ್ರಿಗರ್ ಇರುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಆ ಹೊತ್ತಿಗೆ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯತೊಡಗಿ ಹದಿನೈದು ವರ್ಷವಾಗಿತ್ತು. ಪಕ್ಕದ ಹಳ್ಳಿಗಳಿಗೆ ಮಾತ್ರ ಕರೆಂಟು ಬಂದದ್ದು ಎಷ್ಟೋ ಕಾಲದ ಮೇಲೆ. ಯಂತ್ರಗಳು ಅದರ ಹಿಂದೆ ಬಂದವು.

ನಮ್ಮ ಪಂಪ್‌ಸೆಟ್ ಮೋಟಾರು 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 3,000 ಸುತ್ತು ಮೀರಲಾರದು. ನಾಲ್ಕಿಂಚಿನ ಗ್ರೈಂಡರು ಸುಮಾರು 11,000 ಸುತ್ತು ಸುತ್ತುತ್ತದೆ. ಅದರೊಳಗಿನ ಮೋಟಾರಿನ ಜಾತಿಯೇ ಬೇರೆ: ಕಾರ್ಬನ್ ತುಂಡುಗಳು ತಿರುಗುವ ಆರ್ಮೇಚರಿಗೆ ಉಜ್ಜುತ್ತಾ ಕರೆಂಟು ಕೊಡುತ್ತವೆ. ಅದಕ್ಕೇ ಸಣ್ಣ ಗಾತ್ರದಲ್ಲಿ ಅಷ್ಟು ಬಲ, ಅದಕ್ಕೇ ಕಾರ್ಬನ್ ಸವೆದಾಗ ವೈಂಡಿಂಗ್ ಅಂಗಡಿಯ ದಾರಿ.

1954ರಲ್ಲಿ ಜರ್ಮನಿಯಲ್ಲಿ ಬಂದ ವೇಗದ ಆ್ಯಂಗಲ್ ಗ್ರೈಂಡರು ಇವುಗಳಲ್ಲೆಲ್ಲ ಬಹುರೂಪಿ. ಡಿಸ್ಕ್ ಬದಲಿಸಿದರೆ ಕಬ್ಬಿಣಕ್ಕೂ ಸೈ, ಕಲ್ಲಿಗೂ ಸೈ. ಎರಕದ ಕೆಲಸಕ್ಕೆ ಹೆಸರಾದ ನಾಗಮಂಗಲದಂಥ ಊರಿನಲ್ಲಿ ಒರಟು ಅಂಚು ತೆಗೆಯಲು ಇದು ಅರಕ್ಕಿಂತ ಚುರುಕು. ಮೂರ್ತಿಯ ಕಣ್ಣು, ತುಟಿಗೆ ಮಾತ್ರ ಉಳಿಯೇ ಬೇಕು. ಇನ್ನು ಕಲ್ಲಿಗೆ ಬಂದರೆ, ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ 13ನೇ ಶತಮಾನದ ಕುಸುರಿ ಮೆದುವಾದ ಬಳಪದ ಕಲ್ಲಿನದು. ಬೇಬಿ ಬೆಟ್ಟದ ಸುತ್ತಲಿನ ಗಟ್ಟಿ ಕಲ್ಲಿಗೆ ವಜ್ರದ ಹರಳು ಕೂರಿಸಿದ ಬ್ಲೇಡು ಬೇಕು. ಆ ಕಲ್ಲನ್ನು ಒಣಗಿದ್ದಂತೆಯೇ ಕೊಯ್ದರೆ ಏಳುವ ದೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ನೀರು ಬಿಟ್ಟುಕೊಂಡು ಕೊಯ್ಯಬೇಕಾದರೆ ಅದಕ್ಕೆಂದೇ ಮಾಡಿದ ಯಂತ್ರವಿರಬೇಕು, ಲೈನಿಗೆ ಕರೆಂಟು ಸೋರಿದರೆ ತಕ್ಷಣ ಕಡಿಯುವ ಆರ್‌ಸಿಸಿಬಿ ಇರಬೇಕು. ಇನ್ನೂ ಅಪಾಯದ್ದು ಗಾರ್ಡ್ ಬಿಚ್ಚಿ ಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡು ಹಾಕುವ ಚಾಳಿ. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಯಂತ್ರ ಹಿಡಿದವನತ್ತಲೇ ಎಗರುತ್ತದೆ.

ಮರಕ್ಕೆಂದೇ ಹುಟ್ಟಿದ ದುಂಡು ಬ್ಲೇಡಿನ ಕೈಗರಗಸದ ಕಥೆ ಕಬ್ಬಿನ ಗದ್ದೆಯಿಂದ ಶುರುವಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಲೂಸಿಯಾನದಲ್ಲಿ ಕೂಲಿಗಳು ಕಬ್ಬು ಕಡಿಯುವ ಪಾಡು ನೋಡಿದ ಎಡ್ಮಂಡ್ ಮೈಕೆಲ್, ಮಚ್ಚಿಗೇ ಮೋಟಾರು ಜೋಡಿಸಿದ. ಆ ಯೋಚನೆಯೇ ಬೆಳೆದು ಬಡಗಿಗಳ ಗರಗಸವಾಯಿತು, ಸ್ಕಿಲ್ ಎಂಬ ಕಂಪನಿಯಾಯಿತು. ಕಬ್ಬು ಕಡಿಯುವವನ ಕೈಗೆ ಸಿಕ್ಕಿದ್ದೇನು? ಪಾಂಡವಪುರದ ಗದ್ದೆಗಳಲ್ಲಿ ಇಂದಿಗೂ ಮಚ್ಚೇ.

ಕಾರಣ ಸರಳ. ಹಲಗೆ ಒಂದೆಡೆ ಮಲಗಿರುತ್ತದೆ, ಗೆರೆ ಎಳೆದು ಕೊಯ್ದರೆ ಕೆಲಸ ಮುಗಿಯಿತು. ಕಬ್ಬನ್ನು ಬುಡಕ್ಕೆ ಕಡಿಯಬೇಕು, ತರಗು ಸುಲಿಯಬೇಕು, ಸೋಗೆ ಕತ್ತರಿಸಬೇಕು, ಹೊರೆ ಕಟ್ಟಬೇಕು. ಮಚ್ಚು ಒಂದು ಕೆಲಸದಿಂದ ಇನ್ನೊಂದಕ್ಕೆ ಸಲೀಸಾಗಿ ಹೊರಳುತ್ತದೆ. ಮೋಟಾರಿಗೆ ಬರುವುದು ಕಡಿಯುವುದೊಂದೇ. ಎಲ್ಲವನ್ನೂ ಮಾಡುವ ದೊಡ್ಡ ಕಟಾವು ಯಂತ್ರಕ್ಕೆ ನಮ್ಮ ತುಂಡು ಹಿಡುವಳಿಗಳಲ್ಲಿ ಹೊರಳಲು ಜಾಗವಿಲ್ಲ. ಆಲೆಮನೆಗೂ ಕಾರ್ಖಾನೆಗೂ ಕಬ್ಬು ಕಳಿಸುವವರ ದಣಿವು ನಿಜವಾಗಿ ಇಳಿಯಬೇಕಾದರೆ, ಯಂತ್ರ ಮಾಡುವವರು ಕಡಿಯುವುದನ್ನು ಬಿಟ್ಟು ಸುಲಿಯುವುದರ ಬಗ್ಗೆ ಮೊದಲು ತಲೆ ಕೆಡಿಸಿಕೊಳ್ಳಬೇಕು.